ಜ್ವರ ಬರುವ ಮೊದಲೇ ನೆರೆಮನೆಯ ಬಾಗಿಲು ತಟ್ಟೋಣ



2021ರ ಏಪ್ರಿಲ್ ತಿಂಗಳಲ್ಲಿ ನಮ್ಮ ದೇವಾಲಯದ ಹಿಂದಿನ ವಠಾರದಲ್ಲಿ ಗಾರೆ ಕೆಲಸದವರೊಬ್ಬರು ತೀರಿಕೊಂಡರು. ರಾಯಚೂರು ಕಡೆಯಿಂದ ಕೂಲಿಗಾಗಿ ಬಂದು, ಶೀಟಿನ ಮನೆಯೊಂದರಲ್ಲಿ ಹೆಂಡತಿ, ಇಬ್ಬರು ಮಕ್ಕಳು ಮತ್ತು ವಯಸ್ಸಾದ ತಾಯಿಯೊಡನೆ ಬಾಡಿಗೆಗಿದ್ದವರು. ಜ್ವರ ಬಂದ ಮೇಲೂ ಮೂರು ದಿನ ಅವರು ಕೆಲಸಕ್ಕೆ ಹೋಗಿದ್ದರು. ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಜ್ವರವೆಂದು ಬಾಯಿಬಿಟ್ಟರೆ ಮನೆ ಖಾಲಿ ಮಾಡಿಸುತ್ತಾರೆಂಬ ಭಯ ಬೇರೆ. ಐದನೆಯ ದಿನ ರಾತ್ರಿ ಉಸಿರು ಮೇಲಕ್ಕೆಳೆಯತೊಡಗಿತು. ಬೆಳಗಾಗಲಿ ಎಂದು ಮನೆಯವರು ಕಾದರು. ಬೆಳಗಾಗುವ ಮೊದಲೇ ಎಲ್ಲವೂ ಮುಗಿದಿತ್ತು.

ಸಾಂತ್ವನ ಹೇಳಲು ಹೋದ ನನಗೆ ಅವರ ಹೆಂಡತಿ ಹೇಳಿದ್ದು ಇಷ್ಟೇ: "ನಮ್ ಹತ್ರ ನಿಮ್ ನಂಬರ ಇದ್ದಿಲ್ರೀ ಫಾದರ್. ಯಾರಿಗ್ ಕೇಳ್ಬೇಕು ಅಂತ ತಿಳೀಲಿಲ್ಲ."

ದೇವಾಲಯದಿಂದ ಆ ಮನೆಗೆ ಇನ್ನೂರು ಹೆಜ್ಜೆ. ಹಿಂದಿನ ವರ್ಷ, 2020ರ ಲಾಕ್‌ಡೌನ್ ಕಾಲದಲ್ಲಿ, ನಾವು ಅಕ್ಕಿ ಬೇಳೆಯ ಚೀಲಗಳನ್ನು ಹಂಚಿದ್ದೆವು. ಧರ್ಮಕೇಂದ್ರದ ಕುಟುಂಬಗಳ ಪುಸ್ತಕವನ್ನು ಹಿಡಿದುಕೊಂಡು ಹೆಸರಿಗೆ ಗುರುತು ಹಾಕುತ್ತ ಹಂಚಿದೆವು. ಆ ವಠಾರದ ಹನ್ನೆರಡು ಮನೆಗಳು ಆ ಪುಸ್ತಕದಲ್ಲಿ ಇರಲಿಲ್ಲ. ಪುಸ್ತಕ ನನ್ನ ಕೈಯಲ್ಲೇ ಇತ್ತು. ಆದುದರಿಂದ ಈ ತಪ್ಪನ್ನು ಬೇರೆ ಯಾರ ಮೇಲೂ ಹಾಕುವಂತಿಲ್ಲ.

ಅದು ಕೊರೋನಾ. ಮುಂದೊಂದು ದಿನ ಬರುವುದು ಫ್ಲೂ ಜ್ವರದ ಮಹಾಮಾರಿ ಆಗಿರಬಹುದು. ಆಗ ಅದೇ ತಪ್ಪು ಮರುಕಳಿಸದಂತೆ ನಮ್ಮ ನೆರೆಯ ಬಡ ಕುಟುಂಬಗಳು ಹೇಗೆ ಸಿದ್ಧವಾಗಬಹುದು, ಅದರಲ್ಲಿ ನಮ್ಮ ಪಾಲೇನು ಎಂಬುದನ್ನು ಈ ವಾರ ಒಟ್ಟಿಗೆ ಯೋಚಿಸೋಣ.

ಫ್ಲೂ ಮಹಾಮಾರಿ ಎಂದರೇನು?

ಫ್ಲೂ ಅಥವಾ ಇನ್‌ಫ್ಲುಯೆನ್ಜಾ ಸಾಮಾನ್ಯ ನೆಗಡಿಯಲ್ಲ. ಇದ್ದಕ್ಕಿದ್ದಂತೆ ಜ್ವರ, ಮೈಕೈ ನೋವು, ಒಣಕೆಮ್ಮು, ವಿಪರೀತ ಸುಸ್ತು ಕಾಣಿಸಿಕೊಳ್ಳುತ್ತವೆ. ರೋಗಿ ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಹೊರಬೀಳುವ ಹನಿಗಳಿಂದಲೂ ಮುಟ್ಟಿದ ಕೈಗಳಿಂದಲೂ ಇದು ಹರಡುತ್ತದೆ. ಸೋಂಕು ತಗಲಿದ 1ರಿಂದ 4 ದಿನಗಳಲ್ಲಿ ಜ್ವರ ಬರುತ್ತದೆ. ಜ್ವರ ಕಾಣುವ ಹಿಂದಿನ ದಿನದಿಂದಲೇ ರೋಗಿಯು ಇತರರಿಗೆ ಅಂಟಿಸಬಲ್ಲನು. ಆಮೇಲೆ ಸುಮಾರು 5ರಿಂದ 7 ದಿನ ಹಾಗೆಯೇ ಇರುತ್ತದೆ.

ಈ ವೈರಸ್ ವರ್ಷವರ್ಷವೂ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಆದರೆ ಎಂದೋ ಒಮ್ಮೆ ಹಕ್ಕಿಗಳಲ್ಲೋ ಹಂದಿಗಳಲ್ಲೋ ಇರುವ ವೈರಸ್ಸಿನಿಂದ ಹೊಸ ರೂಪವೇ ಹುಟ್ಟಿ, ಮನುಷ್ಯರಿಂದ ಮನುಷ್ಯರಿಗೆ ಹರಡತೊಡಗುತ್ತದೆ. ಅದನ್ನು ಎದುರಿಸುವ ಶಕ್ತಿ ಹೆಚ್ಚಿನವರ ದೇಹದಲ್ಲಿ ಇರುವುದಿಲ್ಲ. ಆಗ ಅದು ದೇಶದಿಂದ ದೇಶಕ್ಕೆ ಹಬ್ಬುತ್ತದೆ. 1918, 1957, 1968 ಮತ್ತು 2009ರಲ್ಲಿ ಹೀಗೆಯೇ ಆಯಿತು. 1957ರಲ್ಲಿ ಅದು ನಮ್ಮ ದೇಶಕ್ಕೆ ಬಂದದ್ದು ಮದ್ರಾಸ್ ಬಂದರಿನ ಮೂಲಕ. 2009ರಲ್ಲಿ ಜನ ಅದನ್ನು 'ಹಂದಿ ಜ್ವರ' ಎಂದು ಕರೆದರು. ವಿಶ್ವ ಆರೋಗ್ಯ ಸಂಸ್ಥೆ 2009ರ ಜೂನ್ 11ರಂದು ಮಹಾಮಾರಿಯೆಂದು ಘೋಷಿಸಿ, 2010ರ ಆಗಸ್ಟ್ 10ರಂದು ಅದು ಮುಗಿಯಿತೆಂದು ಸಾರಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಜ್ವರ ಭಾರತಕ್ಕೆ ಕಾಲಿಟ್ಟದ್ದು 2009ರ ಮೇ ತಿಂಗಳಲ್ಲಿ. ನಮ್ಮ ದೇಶದಲ್ಲೇ ತಯಾರಾದ ಲಸಿಕೆ ಮಾರುಕಟ್ಟೆಗೆ ಬಂದದ್ದು 2010ರ ಜೂನ್ ತಿಂಗಳಲ್ಲಿ. ನಡುವೆ ಒಂದು ವರ್ಷ ಕಳೆದಿತ್ತು. ಮುಂದೆ ಲಸಿಕೆ ಬೇಗನೆ ಸಿದ್ಧವಾದರೂ ಅದು ವಠಾರದ ಕೊನೆಯ ಮನೆಯನ್ನು ಮುಟ್ಟುವವರೆಗೆ ತಿಂಗಳುಗಳು ಹಿಡಿಯುತ್ತವೆ. ಆ ತಿಂಗಳುಗಳಲ್ಲಿ ಮನೆಯವರ ಆರೈಕೆ ಮತ್ತು ನೆರೆಹೊರೆಯ ನೆರವೇ ಮುಖ್ಯ ಆಸರೆ.

1918 ಕಲಿಸಿದ ಪಾಠ

1918ರ ಫ್ಲೂ ಜಗತ್ತಿನ ಜನಸಂಖ್ಯೆಯ ಸುಮಾರು ಮೂರನೆಯ ಒಂದು ಪಾಲಿಗೆ ತಗಲಿತೆಂದು ಅಂದಾಜು. ನಮ್ಮ ದೇಶದಲ್ಲೇ ಒಂದು ಕೋಟಿಗಿಂತ ಹೆಚ್ಚು ಜನ ಸತ್ತರು. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಧಾನ್ಯದ ಬೆಲೆ ಏರಿತ್ತು, ಯುದ್ಧ ಇನ್ನೂ ನಡೆದಿತ್ತು. ಹಸಿದ ದೇಹಗಳ ಮೇಲೆ ಜ್ವರ ಎರಗಿತು.

ಬೊಂಬಾಯಿ ನಗರದ ಲೆಕ್ಕವೊಂದು ಉಳಿದುಬಂದಿದೆ. ಅಲ್ಲಿನ ಯೂರೋಪಿಯನ್ನರಲ್ಲಿ ಸಾವಿರಕ್ಕೆ ಸುಮಾರು 8 ಮಂದಿ ಸತ್ತರೆ, 'ಕೆಳಜಾತಿ'ಯವರೆಂದು ಆ ಲೆಕ್ಕ ಗುರುತಿಸಿದ ಹಿಂದೂಗಳಲ್ಲಿ ಸಾವಿರಕ್ಕೆ ಸುಮಾರು 61 ಮಂದಿ ಸತ್ತರು. ಒಂದೇ ಊರು, ಒಂದೇ ಜ್ವರ. ಸಾವು ಮಾತ್ರ ಏಳು ಪಟ್ಟಿಗೂ ಹೆಚ್ಚು. ಒಂದು ಕಡೆ ಗಾಳಿಯಾಡುವ ಕೋಣೆ, ಹೊಟ್ಟೆ ತುಂಬ ಊಟ, ಆರೈಕೆಗೆ ಆಳು ಇದ್ದವು. ಇನ್ನೊಂದು ಕಡೆ ಒಂದೇ ಕೋಣೆಯಲ್ಲಿ ಹತ್ತು ಜನರಿದ್ದರು. ಮನೆಮಂದಿಯೆಲ್ಲ ಒಟ್ಟಿಗೆ ಹಾಸಿಗೆ ಹಿಡಿದಾಗ ಒಂದು ಲೋಟ ನೀರು ಕೊಡುವವರು ಕೂಡ ಇರುತ್ತಿರಲಿಲ್ಲ.

ವೈರಸ್ಸಿಗೆ ಬಡವ ಬಲ್ಲಿದ ಎಂಬ ಭೇದ ತಿಳಿಯದು. ಭೇದ ನಮ್ಮ ಬೀದಿಗಳಲ್ಲಿ ಮೊದಲೇ ಇತ್ತು. ಜ್ವರ ಅದನ್ನು ಎತ್ತಿ ತೋರಿಸಿತು, ಅಷ್ಟೇ.

ದೊಡ್ಡ ಮನೆಯ ಸಲಹೆ, ಸಣ್ಣ ಮನೆಯ ಬದುಕು

ಮಹಾಮಾರಿಯ ಕಾಲದಲ್ಲಿ ನಾವು ಕೇಳುವ ಸಲಹೆಗಳು ಸಾಮಾನ್ಯವಾಗಿ ಹೀಗಿರುತ್ತವೆ: ಎರಡು ವಾರಕ್ಕಾಗುವಷ್ಟು ದಿನಸಿ ತಂದಿಟ್ಟುಕೊಳ್ಳಿ, ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿರಿಸಿ, ಜ್ವರ ಬಂದರೆ ಕೆಲಸಕ್ಕೆ ಹೋಗಬೇಡಿ, ಪದೇ ಪದೇ ಕೈ ತೊಳೆಯಿರಿ. ಇವೆಲ್ಲ ಸರಿಯಾದ ಸಲಹೆಗಳೇ. ಆದರೆ ದಿನದ ಕೂಲಿ ಬಂದ ಮೇಲೆ ಸಂಜೆ ಅರ್ಧ ಕಿಲೋ ಬೇಳೆ, ಸಣ್ಣ ಪ್ಯಾಕೆಟ್ ಎಣ್ಣೆ ಕೊಳ್ಳುವ ಮನೆಯಲ್ಲಿ ಎರಡು ವಾರದ ದಿನಸಿ ಎಲ್ಲಿಂದ ಬರಬೇಕು? ಇರುವುದೇ ಒಂದು ಕೋಣೆಯಾದರೆ ಪ್ರತ್ಯೇಕ ಕೋಣೆ ಯಾವುದು? ಹನ್ನೆರಡು ಮನೆಗೆ ಒಂದೇ ನಲ್ಲಿ, ಅದೂ ದಿನ ಬಿಟ್ಟು ದಿನ ನೀರು ಬಂದರೆ ಎಷ್ಟು ಬಾರಿ ಕೈ ತೊಳೆಯುವುದು?

ಬಡವರು ಸಲಹೆ ಕೇಳುವುದಿಲ್ಲ, ಅವರಿಗೆ ತಿಳಿವಳಿಕೆ ಇಲ್ಲ ಎಂದು ನಾವು ಎಷ್ಟೋ ಸಲ ಹೇಳುತ್ತೇವೆ. ಆ ಗಾರೆ ಕೆಲಸದವರಿಗೆ ವಿಶ್ರಾಂತಿ ಬೇಕೆಂಬುದು ತಿಳಿದಿರಲಿಲ್ಲವೇ? ತಿಳಿದಿತ್ತು. ಅದನ್ನು ಪಾಲಿಸುವ ಶಕ್ತಿ ಇರಲಿಲ್ಲ. ಜ್ವರ ಬಂದಾಗ ಮನೆಯಲ್ಲಿ ಉಳಿಯುವುದಕ್ಕೂ ಖರ್ಚಿದೆ. ಆ ಖರ್ಚನ್ನು ಒಂದು ಬಡಮನೆ ಒಂಟಿಯಾಗಿ ಭರಿಸಲಾರದು. ಇಪ್ಪತ್ತು ಮನೆಗಳು ಸೇರಿದರೆ ಸ್ವಲ್ಪವಾದರೂ ಭರಿಸಬಹುದು. ಆದುದರಿಂದ ಬಡವರ ಸಿದ್ಧತೆಯೆಂದರೆ ಬೀದಿಯ ಸಿದ್ಧತೆ, ವಠಾರದ ಸಿದ್ಧತೆ. ಈ ಲೇಖನದ ಸಾರ ಇಷ್ಟೇ.

ಮುಂದಾಲೋಚನೆ ಅವಿಶ್ವಾಸವೇ?

'ಎಲ್ಲ ದೇವರ ಕೈಯಲ್ಲಿದೆ, ನಾವೇಕೆ ತಲೆ ಕೆಡಿಸಿಕೊಳ್ಳಬೇಕು?' ಎನ್ನುವವರಿದ್ದಾರೆ. ದೇವರ ಪರಿಪಾಲನೆಯನ್ನು ನಾನೂ ನಂಬುತ್ತೇನೆ. ಆದರೆ ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳನ್ನು ವಿವರಿಸುವಾಗ ಮುಂದಾಲೋಚನೆಯನ್ನು ಅದರ ಮುಖ್ಯ ಅಂಗವೆಂದು ಎಣಿಸಿದರು. ಅದಕ್ಕೆ ಅವರು ಬಳಸಿದ ಲತೀನ್ ಪದ 'ಪ್ರೊವಿದೆನ್ಸಿಯ'. ದೇವರ ಪರಿಪಾಲನೆಗೂ ಅದೇ ಪದ! ದೇವರು ಮುಂಗಂಡು ಪಾಲಿಸುವುದಕ್ಕೂ ಮನುಷ್ಯ ಮುಂಗಂಡು ನೆರೆಯವರಿಗಾಗಿ ಸಿದ್ಧನಾಗುವುದಕ್ಕೂ ಒಂದೇ ಹೆಸರು. ಎಷ್ಟೋ ವೇಳೆ ದೇವರ ಪರಿಪಾಲನೆ ನೆರೆಮನೆಯವರ ಕೈಯಿಂದಲೇ ನಮಗೆ ತಲಪುತ್ತದೆ.

ಆದಿಕಾಂಡದ ಯೋಸೇಫರ ಕಥೆ ನಮಗೆಲ್ಲ ಗೊತ್ತು. ಸುಭಿಕ್ಷದ ಏಳು ವರ್ಷ ಬೆಳೆಯ ಐದನೆಯ ಒಂದು ಪಾಲನ್ನು ಅವರು ತೆಗೆದಿರಿಸಿದರು. ಅದನ್ನು ಒಂದೇ ಕಡೆ ರಾಶಿ ಹಾಕಲಿಲ್ಲ. ಆಯಾ ಪಟ್ಟಣದ ಸುತ್ತಲಿನ ಧಾನ್ಯವನ್ನು ಆಯಾ ಪಟ್ಟಣದಲ್ಲೇ ಇಟ್ಟರು. ಇದು ನಾವು ಕಲಿಯಬೇಕಾದ ಮೊದಲ ಪಾಠ. ಆದರೆ ಕಥೆಯ ಮುಂದಿನ ಭಾಗವನ್ನು ನಾವು ಅಷ್ಟಾಗಿ ಓದುವುದಿಲ್ಲ. ಬರಗಾಲ ಮುಂದುವರಿದಂತೆ ಜನರು ಆ ಧಾನ್ಯಕ್ಕಾಗಿ ದನಕರುಗಳನ್ನು, ಹೊಲಗಳನ್ನು, ಕಡೆಗೆ ತಮ್ಮನ್ನೇ ಫರೋಹನಿಗೆ ಮಾರಿಕೊಂಡರು. ಕಣಜದ ಬೀಗದ ಕೈ ಮೇಲಿನವರ ಬಳಿ ಮಾತ್ರ ಇದ್ದರೆ ಹಸಿದವನು ಸಾಲಗಾರನಾಗುತ್ತಾನೆ. 2020ರಲ್ಲಿ ಬಡ್ಡಿಗೆ ಹಣ ತಂದವರನ್ನು, ತಾಳಿಯನ್ನೇ ಅಡವಿಟ್ಟವರನ್ನು ನಾನು ಕಂಡಿದ್ದೇನೆ. ಆದುದರಿಂದ ವಠಾರದ ಕಣಜದ ಬೀಗದ ಕೈ ವಠಾರದವರ ಬಳಿಯೇ ಇರಲಿ. ಇದು ಎರಡನೆಯ ಪಾಠ.

ಮೊದಲ ಹೆಜ್ಜೆ: ಪಟ್ಟಿ

ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ ಆರನೆಯ ಅಧ್ಯಾಯದಲ್ಲಿ ಒಂದು ದೂರು ಬರುತ್ತದೆ. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರು ಬಿಟ್ಟುಹೋಗುತ್ತಿದ್ದರು. ಬೇಕೆಂದು ಬಿಟ್ಟರೆಂದು ಅಲ್ಲಿ ಹೇಳಿಲ್ಲ, ಬಿಟ್ಟುಹೋಗಿದ್ದಂತೂ ನಿಜ. ಪ್ರೇಷಿತರು ಸಮಾಧಾನದ ಮಾತು ಹೇಳಿ ಕಳುಹಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿರೆಂದು ಸಮುದಾಯಕ್ಕೇ ಹೇಳಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ಅಂದರೆ ಯಾರ ಕಡೆಯವರು ಬಿಟ್ಟುಹೋಗಿದ್ದರೋ ಅವರ ಕಡೆಯವರ ಕೈಗೇ ಹಂಚಿಕೆಯ ಹೊಣೆ ಬಂತೆಂದು ತೋರುತ್ತದೆ.

ನಮ್ಮ ಮೊದಲ ಕೆಲಸವೂ ಇದೇ. ಧರ್ಮಕೇಂದ್ರದ ಪುಸ್ತಕವನ್ನು ಬದಿಗಿಟ್ಟು ಬೀದಿಯ ಪಟ್ಟಿಯನ್ನು ಮಾಡೋಣ. ಅದರಲ್ಲಿ ಕ್ರೈಸ್ತ, ಹಿಂದೂ, ಮುಸ್ಲಿಮ್ ಎಂಬ ಭೇದ ಬೇಡ. ಜ್ವರ ಬಾಗಿಲ ಮೇಲಿನ ಶಿಲುಬೆಯನ್ನೋ ತೋರಣವನ್ನೋ ನೋಡಿ ಬರುವುದಿಲ್ಲ. ಹತ್ತು ಮನೆಗೆ ಒಬ್ಬರಂತೆ ಅಲ್ಲಿಯವರೇ ಒಬ್ಬ ಅಕ್ಕನನ್ನೋ ಅಣ್ಣನನ್ನೋ ಆರಿಸಿಕೊಳ್ಳಲಿ. ಅವರು ಕೇಳಿ ಬರೆದುಕೊಳ್ಳಬೇಕಾದದ್ದು ಇಷ್ಟು:

1. ಮನೆಯಲ್ಲಿ ಎಷ್ಟು ಮಂದಿ? ದುಡಿಯುವವರು ಒಬ್ಬರೇ ಆಗಿದ್ದಾರೆಯೇ?
2. ಗರ್ಭಿಣಿಯರು, ಎಳೆಯ ಮಕ್ಕಳು, 65 ದಾಟಿದವರು ಇದ್ದಾರೆಯೇ?
3. ಉಬ್ಬಸ, ಕ್ಷಯ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಯಾರು? ದಿನಾಲೂ ತಪ್ಪದೆ ನುಂಗಬೇಕಾದ ಮಾತ್ರೆ ಯಾವುದು?
4. ಒಂಟಿಯಾಗಿ ಇರುವವರು ಯಾರು? ಅವರ ಬಾಗಿಲನ್ನು ದಿನಕ್ಕೊಮ್ಮೆ ತಟ್ಟುವವರು ಯಾರು?
5. ರೇಷನ್ ಕಾರ್ಡು, ಆಧಾರ್, ಆರೋಗ್ಯ ಕಾರ್ಡು ಇವೆಯೇ?
6. ರಾತ್ರಿ ಹೊತ್ತು ಆಟೋ ತರಬಲ್ಲವರು ಯಾರು?

ಈ ಪಟ್ಟಿ ಆ ಅಕ್ಕ ಅಥವಾ ಅಣ್ಣನ ಬಳಿ ಭದ್ರವಾಗಿರಲಿ. ಯಾರಿಗೆ ಯಾವ ಕಾಯಿಲೆ ಎಂಬುದನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕುವುದು ಸಲ್ಲದು. ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಶಿಕ್ಷಕಿಯನ್ನು ಮೊದಲೇ ಪರಿಚಯ ಮಾಡಿಕೊಳ್ಳಿ. ಅವರ ಬಳಿ ಈ ಮಾಹಿತಿಯ ಹೆಚ್ಚಿನ ಭಾಗ ಆಗಲೇ ಇರುತ್ತದೆ. ಅವರ ಕೆಲಸಕ್ಕೆ ನಾವು ನೆರವಾಗಬೇಕೇ ಹೊರತು ಪೈಪೋಟಿ ಮಾಡಬಾರದು.

ಕಾಗದಪತ್ರಗಳ ಕೆಲಸವೂ ಜ್ವರ ಬರುವ ಮೊದಲೇ ಆಗಬೇಕು. ಊರಿನಲ್ಲಿ ರೇಷನ್ ಕಾರ್ಡು ಬಿಟ್ಟು ಬಂದವರು ಅದೇ ಕಾರ್ಡಿನಿಂದ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು. ಇದು ಎಷ್ಟೋ ಮಂದಿಗೆ ಗೊತ್ತಿಲ್ಲ. ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವಿದೆ. ಓದು ಬಲ್ಲ ನಮ್ಮ ಯುವಜನರು ಒಂದು ಭಾನುವಾರ ಬಲಿಪೂಜೆಯ ನಂತರ ಮೇಜು ಹಾಕಿ ಕುಳಿತರೆ ಎಷ್ಟೋ ಮನೆಗಳ ಅರ್ಜಿಗಳು ಸಿದ್ಧವಾಗುತ್ತವೆ.

ಎರಡನೆಯ ಹೆಜ್ಜೆ: ಏಳು ದಿನದ ಗಂಟು

ಜ್ವರ ಬಂದ ಮನೆ ಏಳು ದಿನ ಹೊರಗೆ ಹೋಗದೆ ಇರುವಂತಾಗಬೇಕು. ಇದು ನಮ್ಮ ಗುರಿ. ಐದು ಮಂದಿಯ ಮನೆಗೆ ಏಳು ದಿನಕ್ಕೆ ಸುಮಾರು 10 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಅರ್ಧ ಲೀಟರ್ ಎಣ್ಣೆ, ಉಪ್ಪು, ಅರ್ಧ ಕಿಲೋ ಸಕ್ಕರೆ, ಎರಡು ಸೋಪು, ಒಂದು ಪಟ್ಟಿ ಪ್ಯಾರಾಸಿಟಮಾಲ್ ಮಾತ್ರೆ, ಕೆಲವು ಓ.ಆರ್.ಎಸ್. ಪೊಟ್ಟಣ, ನಾಲ್ಕಾರು ಮಾಸ್ಕು ಬೇಕು. ಇದನ್ನು ಏಳು ದಿನದ ಗಂಟು ಎಂದು ಕರೆಯೋಣ.

ಅಕ್ಕಿಗೆ ನಮ್ಮ ಹಿರಿಯರ ಹಿಡಿಯಕ್ಕಿಯ ಪದ್ಧತಿಯೇ ಸಾಕು. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುವುದು. ಒಂದು ಹಿಡಿಯೆಂದರೆ ಸುಮಾರು 50 ಗ್ರಾಂ. ನಲವತ್ತು ಮನೆಗಳು ದಿನಕ್ಕೊಂದು ಹಿಡಿ ತೆಗೆದಿಟ್ಟರೆ ತಿಂಗಳಿಗೆ 60 ಕಿಲೋ ಆಗುತ್ತದೆ. ಅಷ್ಟು ಆರು ಮನೆಗಳ ಗಂಟಿಗೆ ಸಾಕು. ಮೂರು ತಿಂಗಳಿಗೆ ಹದಿನೆಂಟು ಮನೆ. ಅದಕ್ಕಿಂತ ಹೆಚ್ಚು ಕೂಡಿಡಬೇಡಿ, ಹುಳು ಬೀಳುತ್ತದೆ. ಮೂರು ತಿಂಗಳಿಗೊಮ್ಮೆ ಹಳೆಯ ಅಕ್ಕಿಯನ್ನು ಒಂಟಿ ವೃದ್ಧರಿಗೆ ಕೊಟ್ಟು ಹೊಸದನ್ನು ತುಂಬಿಸಿ. ಹೀಗೆ ಜ್ವರ ಬಾರದಿದ್ದರೂ ಒಂದು ಹಿಡಿಯೂ ವ್ಯರ್ಥವಾಗುವುದಿಲ್ಲ.

ಬೇಳೆ, ಎಣ್ಣೆ, ಔಷಧಿಗೆ ಹಣ ಬೇಕು. ನಮ್ಮ ಸ್ತ್ರೀಶಕ್ತಿ ಸಂಘಗಳು, ಸ್ವಸಹಾಯ ಗುಂಪುಗಳು ಈ ಕೆಲಸವನ್ನು ನಮಗಿಂತ ಚೆನ್ನಾಗಿ ಬಲ್ಲವು. ಇಪ್ಪತ್ತು ಮಂದಿ ವಾರಕ್ಕೆ 10 ರೂಪಾಯಿ ಪ್ರತ್ಯೇಕವಾಗಿ ಇಟ್ಟರೆ ಐವತ್ತು ವಾರಕ್ಕೆ 10,000 ರೂಪಾಯಿ. ಜ್ವರದಿಂದ ಮಲಗಿದ ಕೂಲಿಕಾರರಿಗೆ ದಿನಕ್ಕೆ 300 ರೂಪಾಯಿಯಂತೆ ಐದು ದಿನ ಕೊಟ್ಟರೆ ಆರು ಮಂದಿಗೆ ಆಗುತ್ತದೆ. ಇದು ಸಣ್ಣ ಮೊತ್ತವೇ. ನೂರು ಜನರಿರುವ ಬೀದಿಯಲ್ಲಿ ಮೂವತ್ತು ಮಂದಿ ಮಲಗಿದರೆ ಇದು ಸಾಲದು. ಉಳಿದದ್ದು ಎಲ್ಲಿಂದ ಬರಬೇಕು?

ಇಲ್ಲಿ ನಮ್ಮ ನಿಮ್ಮ ಮಾತು ಬರುತ್ತದೆ. ಈ ಪುಟವನ್ನು ಓದುತ್ತಿರುವ ಎಷ್ಟೋ ಮನೆಗಳಲ್ಲಿ ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು, ಮಗುವನ್ನು ನೋಡಿಕೊಳ್ಳಲು ಒಬ್ಬ ಅಕ್ಕ ಬರುತ್ತಾರೆ. ನಮ್ಮಲ್ಲಿ ಗುತ್ತಿಗೆದಾರರಿದ್ದಾರೆ, ಅಂಗಡಿ, ಕಾರ್ಖಾನೆ ನಡೆಸುವವರಿದ್ದಾರೆ. ಅವರಿಗೆ ಇಂದೇ ಒಂದು ಮಾತು ಕೊಡಿ: 'ನಿಮಗೆ ಜ್ವರ ಬಂದರೆ ಐದು ದಿನ ಬರಬೇಡಿ. ಸಂಬಳ ಹಿಡಿಯುವುದಿಲ್ಲ.' ಈ ಮಾತನ್ನು ಜ್ವರ ಬರುವ ಮೊದಲೇ ಹೇಳಬೇಕು. ಬಂದ ಮೇಲೆ ಹೇಳಿದರೆ ನಂಬುವುದು ಕಷ್ಟ. ಇದನ್ನು ದಾನವೆಂದು ನಾನು ಕರೆಯುವುದಿಲ್ಲ. ನಮ್ಮ ಮನೆಯ ಮಕ್ಕಳಿಗೂ ವೃದ್ಧರಿಗೂ ರೋಗ ತಾರದಿರಲೆಂದು ಅವರು ಮನೆಯಲ್ಲಿ ಉಳಿಯುವಾಗ ಆ ದಿನಗಳ ಕೂಲಿಯನ್ನು ಅವರಿಗೆ ಕೊಡುವುದು ನ್ಯಾಯ.

ಮೂರನೆಯ ಹೆಜ್ಜೆ: ಒಂದೇ ಕೋಣೆಯಲ್ಲಿ ಆರೈಕೆ

ಪ್ರತ್ಯೇಕ ಕೋಣೆ ಇಲ್ಲದಿದ್ದರೂ ಮಾಡಬಹುದಾದದ್ದು ಬಹಳ ಇದೆ. ರೋಗಿಯನ್ನು ಕಿಟಕಿ ಅಥವಾ ಬಾಗಿಲ ಬಳಿ ಮಲಗಿಸಿ, ಗಾಳಿ ಹೊರಗೆ ಹೋಗುವಂತೆ ಕಿಟಕಿ ಬಾಗಿಲು ತೆರೆದಿಡಿ. ಉಳಿದವರು ಸಾಧ್ಯವಾದಷ್ಟು ದೂರ, ರೋಗಿಯ ಕಾಲ ಕಡೆಗೆ ತಲೆ ಇಟ್ಟು ಮಲಗಲಿ. ಸೌದೆ ಒಲೆಯಿದ್ದರೆ ಆ ದಿನಗಳಲ್ಲಿ ಅಡುಗೆ ಹೊರಗೆ ಆಗಲಿ. ಹೊಗೆ ಉಸಿರಾಟಕ್ಕೆ ಕೆಟ್ಟದ್ದು. ರೋಗಿಯೂ ನೋಡಿಕೊಳ್ಳುವವರೂ ಮೂಗು ಬಾಯಿ ಮುಚ್ಚುವಂತೆ ಮಾಸ್ಕು ಧರಿಸಲಿ. ನೋಡಿಕೊಳ್ಳುವವರು ಒಬ್ಬರೇ ಇರಲಿ. ಗರ್ಭಿಣಿಯರಿಗೂ ವೃದ್ಧರಿಗೂ ಆ ಕೆಲಸ ಬೇಡ. ರೋಗಿಯ ಲೋಟ, ತಟ್ಟೆ ಬೇರೆ ಇರಲಿ; ಸೋಪು ಹಾಕಿ ತೊಳೆದರೆ ಸಾಕು.

ಸೋಪು ಈ ವೈರಸ್ಸಿನ ಸುತ್ತಲಿನ ಜಿಡ್ಡಿನ ಹೊದಿಕೆಯನ್ನು ಒಡೆದುಹಾಕುತ್ತದೆ. ಅದಕ್ಕೆ ದುಬಾರಿ ಸೋಪು ಬೇಕಿಲ್ಲ. ವಠಾರದ ನಲ್ಲಿಯ ಬಳಿ ಈರುಳ್ಳಿ ತರುವ ಬಲೆಚೀಲದಲ್ಲಿ ಒಂದು ಸೋಪು ಕಟ್ಟಿ ತೂಗುಹಾಕಿ. ಕೊಳಾಯಿ ಇರುವ ಒಂದು ಡ್ರಮ್ಮಿನಲ್ಲಿ ಕೈ ತೊಳೆಯುವ ನೀರು ತುಂಬಿಡಿ. ಮಕ್ಕಳಿಗೇ ಆ ಡ್ರಮ್ಮಿನ ಉಸ್ತುವಾರಿ ವಹಿಸಿ ನೋಡಿ, ದೊಡ್ಡವರನ್ನೂ ಅವರು ಬಿಡುವುದಿಲ್ಲ.

ರೋಗಿಗೆ ಗಂಜಿ, ತಿಳಿಸಾರು, ಕಾಯಿಸಿ ಆರಿಸಿದ ನೀರು ಆಗಾಗ್ಗೆ ಕೊಡುತ್ತಿರಿ. ಭೇದಿಯಾಗಿ ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಸಮಮಟ್ಟವಾಗಿ ಅಳೆದು ಬೆರೆಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು; ಮಕ್ಕಳಿಗೆ ಎಷ್ಟು ಕೊಡಬೇಕೆಂದು ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಆಂಟಿಬಯಾಟಿಕ್ ಮಾತ್ರೆಗಳು ಫ್ಲೂ ವೈರಸ್ಸನ್ನು ಕೊಲ್ಲುವುದಿಲ್ಲ. ವೈದ್ಯರು ಹೇಳದೆ ಅಂಗಡಿಯಿಂದ ಕೊಂಡು ನುಂಗಬೇಡಿ.

ಈ ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ:

- ಉಸಿರಾಡಲು ಕಷ್ಟ, ಎದೆಯಲ್ಲಿ ನೋವು
- ತುಟಿ, ಉಗುರು ನೀಲಿಗಟ್ಟುವುದು
- ಮಾತು ತಡವರಿಸುವುದು, ಎಚ್ಚರ ತಪ್ಪುವುದು, ಎಬ್ಬಿಸಿದರೂ ಏಳದಿರುವುದು
- ಮೂತ್ರ ಬಹಳ ಕಡಿಮೆಯಾಗುವುದು, ಏನನ್ನೂ ಕುಡಿಯಲಾಗದಿರುವುದು
- ಜ್ವರ ಇಳಿದು ಮತ್ತೆ ಜೋರಾಗಿ ಬರುವುದು
- ಎಳೆಯ ಮಕ್ಕಳಲ್ಲಿ ವೇಗದ ಉಸಿರು: 2ರಿಂದ 11 ತಿಂಗಳ ಮಗುವಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು

ಆಂಬುಲೆನ್ಸಿಗೆ 108, ಆರೋಗ್ಯ ಸಲಹೆಗೆ 104. ಈ ಎರಡು ಸಂಖ್ಯೆಗಳನ್ನು, ಹತ್ತು ಮನೆಯ ಅಕ್ಕ ಅಥವಾ ಅಣ್ಣನ ಫೋನ್ ಸಂಖ್ಯೆಯನ್ನು, ಆಟೋದವರ ಸಂಖ್ಯೆಯನ್ನು ಪ್ರತಿ ಮನೆಯ ಬಾಗಿಲ ಒಳಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಓದು ಬಾರದವರಿಗೆ ಮಕ್ಕಳು ಬಾಯಿಪಾಠ ಮಾಡಿಸಲಿ.

ಲಸಿಕೆಯ ಮಾತು

ವರ್ಷವರ್ಷದ ಫ್ಲೂವಿಗೆ ಲಸಿಕೆ ಇದೆ. ಗರ್ಭಿಣಿಯರು, ವೃದ್ಧರು, ದೀರ್ಘ ಕಾಯಿಲೆಯವರು ವೈದ್ಯರನ್ನು ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು. ಸಾಮಾನ್ಯವಾಗಿ ಇದಕ್ಕೆ ಹಣ ಕೊಡಬೇಕಾಗುವುದರಿಂದ, ವಠಾರದ ಒಬ್ಬ ಗರ್ಭಿಣಿಯ ಲಸಿಕೆಯ ಖರ್ಚನ್ನು ಅನುಕೂಲವಿರುವ ಒಂದು ಕುಟುಂಬ ವಹಿಸಿಕೊಳ್ಳಬಹುದು. ಮಕ್ಕಳಿಗೆ ನ್ಯುಮೋನಿಯಾ ತಡೆಯುವ ಪಿ.ಸಿ.ವಿ. ಲಸಿಕೆಯನ್ನು 2021ರಿಂದ ದೇಶದಾದ್ಯಂತ ಸರಕಾರವೇ ಉಚಿತವಾಗಿ ಕೊಡುತ್ತಿದೆ. ಫ್ಲೂ ಬಂದ ಮಕ್ಕಳಲ್ಲಿ ಪ್ರಾಣಕ್ಕೆ ಅಪಾಯ ತರುವುದು ಎಷ್ಟೋ ವೇಳೆ ನ್ಯುಮೋನಿಯಾವೇ. ಆದುದರಿಂದ ಬೀದಿಯ ಯಾವ ಮಗುವಿನ ತಾಯಿ ಕಾರ್ಡಿನಲ್ಲಿ ಖಾಲಿ ಮನೆ ಉಳಿದಿದೆಯೆಂದು ನೋಡುವುದೂ ಮಹಾಮಾರಿಯ ಸಿದ್ಧತೆಯೇ ಆಗಿದೆ.

ದೇವಾಲಯ ಏನು ಮಾಡಬಹುದು?

ಜ್ವರದ ಕಾಲದಲ್ಲಿ ಅಸ್ವಸ್ಥರು ಭಾನುವಾರದ ಬಲಿಪೂಜೆಗೆ ಬಾರದಿರುವುದು ಪಾಪವಲ್ಲ. ಕಾಯಿಲೆಯವರಿಗೆ ಆ ಕಟ್ಟಳೆಯಿಂದ ವಿನಾಯಿತಿ ಇದ್ದೇ ಇದೆ. ಗುರುಗಳು ಇದನ್ನು ಪೀಠದಿಂದ ಸ್ಪಷ್ಟವಾಗಿ ಹೇಳಬೇಕು. ನಮ್ಮ ಹಿರಿಯ ಅಜ್ಜಿಯಂದಿರು ಗುರುಗಳು ಹೇಳಿದರೆ ಮಾತ್ರ ಮನೆಯಲ್ಲಿ ಉಳಿಯುತ್ತಾರೆ! ಧರ್ಮಕೇಂದ್ರದ ಸಭಾಂಗಣ ವರ್ಷದಲ್ಲಿ ಎಷ್ಟೋ ದಿನ ಬೀಗ ಹಾಕಿಕೊಂಡೇ ಇರುತ್ತದೆ. ಆರೋಗ್ಯ ಇಲಾಖೆಯ ಒಪ್ಪಿಗೆ ಪಡೆದು, ರೋಗಿಯಿರುವ ಒಂದು ಕೋಣೆಯ ಮನೆಯ ಆರೋಗ್ಯವಂತ ವೃದ್ಧರು ರಾತ್ರಿ ಮಲಗಲು ಅದನ್ನು ತೆರೆಯಬಹುದು. ಸಂತ ವಿನ್ಸೆಂಟ್ ದ ಪೌಲ್ ಸಭೆಯವರು, ಧರ್ಮಭಗಿನಿಯರು, ಯುವಜನರು ಯಾರು ಯಾವ ಕೆಲಸ ಮಾಡಬೇಕೆಂದು ಈಗಲೇ ಹಂಚಿಕೊಳ್ಳಲಿ.

ಇನ್ನೊಂದು ಕೆಲಸ ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಕಷ್ಟದ್ದು. ಜ್ವರ ಬಂದ ಮನೆಯನ್ನು ದೂರವಿಡದಿರುವುದು. ಜನ ಬೆರಳು ತೋರಿಸುತ್ತಾರೆಂಬ ಭಯವಿರುವ ಕಡೆ ರೋಗ ಅಡಗಿಕೊಳ್ಳುತ್ತದೆ. ಅಡಗಿದ ರೋಗ ಹೆಚ್ಚು ಹರಡುತ್ತದೆ. ಮನೆ ಮಾಲೀಕರಾಗಿರುವ ನಮ್ಮವರು ಬಾಡಿಗೆದಾರರಿಗೆ 'ಕಾಯಿಲೆ ಬಂತೆಂದು ನಿಮ್ಮನ್ನು ಖಾಲಿ ಮಾಡಿಸುವುದಿಲ್ಲ' ಎಂದು ಒಂದು ಮಾತು ಹೇಳಿದರೆ ಅದೇ ದೊಡ್ಡ ಔಷಧಿ.

ಆ ವಠಾರದಲ್ಲಿ ಈಗ ಹೂ ಮಾರುವ ಒಬ್ಬ ಅಕ್ಕ ಹನ್ನೆರಡು ಮನೆಗಳ ಹೊಣೆ ಹೊತ್ತಿದ್ದಾರೆ. ಹಿಡಿಯಕ್ಕಿಯ ಡಬ್ಬಿಯ ಬೀಗದ ಕೈ ಅವರ ಬಳಿಯಿದೆ. ನನಗೂ ಅವರನ್ನೇ ಕೇಳಬೇಕು. ತೀರಿಕೊಂಡವರ ಹೆಂಡತಿ ಅಲ್ಲೇ ಇದ್ದಾರೆ, ಕೆಲಸಕ್ಕೆ ಹೋಗುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಅವರ ಬಾಗಿಲ ಒಳಬದಿಯಲ್ಲಿ ಅಂಟಿಸಿದ ಕಾಗದದಲ್ಲಿ 108ರ ಕೆಳಗೆ ನನ್ನ ನಂಬರೂ ಇದೆ. ಅದನ್ನು ಅಲ್ಲಿ ಬರೆಯುವಾಗ ನನ್ನ ಕೈ ನಡುಗಿತು. ಒಂದು ಕಾಗದ, ಒಂದು ಪೆನ್ನು, ಇನ್ನೂರು ಹೆಜ್ಜೆ. ಇಷ್ಟು ಸಾಲದೇ ಹೋಯಿತಲ್ಲ ಅಂದು! ನಿಮ್ಮ ಬೀದಿಯಲ್ಲಿ ಹಾಗಾಗದಿರಲಿ.

ಕುಟುಂಬದಲ್ಲಿ ಕುಳಿತು ಮಾತನಾಡಲು

1. ನಮ್ಮ ಮನೆಯಿಂದ ಇನ್ನೂರು ಹೆಜ್ಜೆಯೊಳಗೆ ವಾಸಿಸುವ ಯಾರ ಹೆಸರು ನಮಗೆ ತಿಳಿದಿಲ್ಲ?
2. ನಮ್ಮ ಮನೆಗೆ ಕೆಲಸಕ್ಕೆ ಬರುವವರಿಗೆ ಜ್ವರ ಬಂದರೆ ನಾವು ಏನು ಮಾಡುತ್ತೇವೆಂದು ಅವರಿಗೆ ಹೇಳಿದ್ದೇವೆಯೇ?
3. ಇಂದು ರಾತ್ರಿಯ ಅಡುಗೆಯಿಂದ ಹಿಡಿಯಕ್ಕಿಯ ಡಬ್ಬಿ ಆರಂಭಿಸಬಹುದೇ? ಅದರ ಹೊಣೆಯನ್ನು ಮನೆಯ ಯಾವ ಮಗುವಿಗೆ ಕೊಡೋಣ?
4. ಮನೆಯ ಎಲ್ಲರೂ ಒಟ್ಟಿಗೆ ಹಾಸಿಗೆ ಹಿಡಿದರೆ ನಮಗೆ ನೀರು ಕೊಡುವವರು ಯಾರು? ನಾವು ಯಾರಿಗೆ ಕೊಡುವೆವು?